ಬಾಡಿಗೆಯ ಕುಂಚ, ಸ್ವಂತ ಕುಂಚ
(ಮೋರಖಂಡಿಯ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿಯ ಪಾಳಿ ಮುಗಿಸಿ ಬಂದವರು, ಅಂಗಡಿಯ ಬಾಗಿಲು ಅರ್ಧ ಎಳೆದು ಬಂದವರು ಇಲ್ಲಿ ಕುಳಿತಿದ್ದೀರಿ. ಗಣಕಯಂತ್ರದ ಮೇಲೆ ಚಿತ್ರ ಬರೆಯುವುದಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವಿರಿ. ಸಂಬಂಧವಿದೆ. ಬೋರ್ಡು ಬರೆಯುವವರ ಕೈಯಿಂದ ಫ್ಲೆಕ್ಸ್ ಯಂತ್ರ ಕುಂಚವನ್ನು ಕಸಿದುಕೊಂಡು ಬಹಳ ವರ್ಷವಾಯಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದರೂ ಹೋದ ಕೆಲಸ ಪೂರ್ತಿ ಮರಳಲಿಲ್ಲ. ಲಗ್ನಪತ್ರಿಕೆ, ಅಂಗಡಿಯ ಫಲಕ, ಕೈಚೀಲದ ಮೇಲಿನ ಗುರುತು, ಎಲ್ಲವೂ ಈಗ ಯಂತ್ರದಲ್ಲೇ ಹುಟ್ಟುತ್ತವೆ. ನಮ್ಮ ಮಕ್ಕಳು ಈ ಕೆಲಸ ಕಲಿಯಬೇಕೆನ್ನುವುದು ಶೋಕಿಯ ಮಾತಲ್ಲ, ಅನ್ನದ ಮಾತು.

ಗೆರೆ ಎಳೆಯುವ ಕೈ ಈ ನೆಲಕ್ಕೆ ಹೊಸದೂ ಅಲ್ಲ. ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ, ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ, ಹೆಣ್ಣೊಬ್ಬಳು ನಿಂತು ಶಾಸನ ಬರೆಯುತ್ತಿದ್ದಾಳೆ. ಬೀದರಿನ ಬಿದರಿ ಕೆಲಸಗಾರ ಎರಕದ ಪಾತ್ರೆಗೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿ, ಮೊನೆಯ ಸಲಾಕೆಯಿಂದ ಹೂಬಳ್ಳಿ ಗೀರುತ್ತಾನೆ. ಕೊರೆದ ಗೆರೆಯಲ್ಲಿ ಬೆಳ್ಳಿ ಕೂರಿಸುತ್ತಾನೆ. ಅವನ ಉಳಿ ಅವನದೇ. ಈ ತಿಂಗಳ ಬಾಡಿಗೆ ಕಟ್ಟಲಿಲ್ಲವೆಂದು ಉಳಿ ಕೊರೆಯುವುದನ್ನು ನಿಲ್ಲಿಸುವುದಿಲ್ಲ.

ಗಣಕಯಂತ್ರದ ಕುಂಚ ನಿಲ್ಲಿಸುತ್ತದೆ! ಫೋಟೋಶಾಪ್ ತಯಾರಿಸುವ ಅಡೋಬಿ ಕಂಪನಿ ಹೊಸ ಆವೃತ್ತಿಗಳನ್ನು ಒಂದೇ ಬೆಲೆಗೆ ಮಾರುವ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟು ಚಂದಾ ಪದ್ಧತಿ ತಂದಿತು. ಚಂದಾ ತಿಂಗಳಿಗೆ ಸಾವಿರ ರೂಪಾಯಿ ಎಂದೇ ಹಿಡಿಯೋಣ. ಐದು ವರ್ಷಕ್ಕೆ 60,000 ಆಯಿತು. ಆರನೆಯ ವರ್ಷ ಕೈಯಲ್ಲಿ ಉಳಿಯುವುದೇನು? 2024ರ ಜೂನ್‌ನಲ್ಲಿ ಅಮೆರಿಕದ ಸರ್ಕಾರವೇ ಈ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ವರ್ಷದ ಚಂದಾವನ್ನು ನಡುವೆ ಬಿಡುವವರು ತೆರಬೇಕಾದ ದಂಡವನ್ನು ಗಿರಾಕಿಗಳಿಂದ ಮರೆಮಾಚಲಾಗಿದೆ ಎಂಬುದು ಆರೋಪ. ಫೋಟೋಶಾಪ್ ಕೆಟ್ಟ ಸಾಧನವೆಂದು ನಾವು ಹೇಳುತ್ತಿಲ್ಲ. ಅದರಿಂದ ದಿನವೂ ಸಂಪಾದಿಸುವವನು ಚಂದಾ ಕಟ್ಟಲಿ. ಈಗಷ್ಟೇ ಗೆರೆ ಕಲಿಯುವವನಿಗೆ ಆ ಸಾಲ ಏತಕ್ಕೆ?

ಕಳ್ಳಪ್ರತಿ ಅಗ್ಗಕ್ಕೆ ಸಿಗುತ್ತದಲ್ಲ ಎನ್ನುವವರು ನಮ್ಮೊಳಗೇ ಇದ್ದಾರೆ. ಅಂಗಡಿಕಾರ ಬಂಧುಗಳೆ, ಮಗ ಚಿತ್ರ ಬರೆಯುವ ಯಂತ್ರದಲ್ಲೇ ನಿಮ್ಮ ಜಿ.ಎಸ್.ಟಿ. ಲೆಕ್ಕವೂ ಬ್ಯಾಂಕಿನ ವ್ಯವಹಾರವೂ ಇರುತ್ತದೆ. ಬೀಗ ಮುರಿದ ತಂತ್ರಾಂಶದೊಡನೆ ವೈರಸ್ಸು ಒಳಗೆ ಬಂದರೆ ಅಗ್ಗದ ಲೆಕ್ಕ ಅಲ್ಲಿಗೇ ಮುಗಿಯಿತು.

ಕಾಸಿಲ್ಲದೆ, ಕಾಯಿದೆಗೆ ಸರಿಯಾಗಿ ಸಿಗುವ ಸಾಧನಗಳಿವೆ. ಕೈಯಿಂದ ಚಿತ್ರ ಬರೆದು ಬಣ್ಣ ತುಂಬಲು ಕ್ರಿತಾ. ಫೋಟೋ ತಿದ್ದಲು ಗಿಂಪ್. ಇದು 1996ರಿಂದ ಇದೆ. ಫಲಕ, ಗುರುತು, ಅಕ್ಷರಗಳಿಗೆ ಇಂಕ್‌ಸ್ಕೇಪ್; ಇದರಲ್ಲಿ ಬರೆದ ಗೆರೆಯನ್ನು ಚೀಟಿಯಷ್ಟು ಮಾಡಿ, ಗೋಡೆಯಷ್ಟು ಮಾಡಿ, ಅಂಚು ಒಡೆಯುವುದಿಲ್ಲ. ಕ್ರಿತಾವನ್ನು ಅದರ ಸ್ವಂತ ತಾಣದಿಂದ ಇಳಿಸಿಕೊಂಡರೆ ಉಚಿತ. ವಿಂಡೋಸ್ ಅಂಗಡಿಯಲ್ಲಿ ಅದಕ್ಕೇ ಬೆಲೆಯಿದೆ. ಅದು ತಯಾರಕರಿಗೆ ನೆರವು, ಕೊಡಲೇಬೇಕೆಂದಿಲ್ಲ.

ಪುಕ್ಕಟೆ ಮಾಲು ಕಳಪೆ ಎಂಬ ಅನುಮಾನ ವ್ಯಾಪಾರಿಗೆ ಸಹಜ. ಬ್ಲೆಂಡರ್ ಎಂಬ ಸಾಧನದ ಕಥೆ ಕೇಳಿ. ಅದನ್ನು ತಯಾರಿಸುತ್ತಿದ್ದ ಕಂಪನಿ ಮುಚ್ಚಿದಾಗ, 2002ರಲ್ಲಿ, ಬಳಸುವವರೇ ಚಂದಾ ಎತ್ತಿ ಏಳು ವಾರಗಳಲ್ಲಿ 1,00,000 ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದು ಎಲ್ಲರ ಸೊತ್ತು. ಇನ್ನೂ ಹತ್ತಿರದ ಮಾತು ಬೇಕೆ? ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ, ಕನ್ನಡದ ಪಠ್ಯಪುಸ್ತಕ ಮುಂದಿಟ್ಟುಕೊಂಡೇ ಇಂಕ್‌ಸ್ಕೇಪ್ ಕಲಿತಿದ್ದಾರೆ. ಕೇರಳದ ಸರ್ಕಾರ ಶಾಲೆಗಳಲ್ಲಿ ಬಾಡಿಗೆಯಿಲ್ಲದ ಸಾಧನಗಳನ್ನೇ ಇಟ್ಟಿದೆ. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದೆಂದು ನಮ್ಮ ಶಾಲಾ ಸಮಿತಿಗಳು ಕೇಳಬೇಕು.

ಯಾವುದನ್ನೇ ಆರಿಸಿ, ಮೊದಲು ಕನ್ನಡದ ಪರೀಕ್ಷೆ ಮಾಡಿ. ‘ವಸ್ತ್ರಾಲಯ’ ಎಂದು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ನೋಡಿ. ಸ, ತ, ರ ಮೂರೂ ತಮ್ಮ ಜಾಗದಲ್ಲಿ ಕೂತರೆ ಸಾಧನ ಪಾಸು. ಹಣ ಕೊಟ್ಟು ಕೊಂಡ ತಂತ್ರಾಂಶದಲ್ಲೂ ಸರಿಯಾಗಿ ಹೊಂದಿಸದಿದ್ದರೆ ಒತ್ತಕ್ಷರ ಬೀದಿಪಾಲಾಗುತ್ತದೆ. ಒತ್ತು ಕಳಚಿ ನಿಂತ ಫಲಕಗಳನ್ನು ಪೇಟೆಯಲ್ಲಿ ನೀವೇ ಓದಿದ್ದೀರಿ.

ಮನೆಯಲ್ಲಿ ಮೊಬೈಲ್ ಒಂದೇ ಇದ್ದರೆ ಐಬಿಸ್ ಪೇಂಟ್ ಸಾಕು. ಜಾಹೀರಾತಿನ ಕಾಟ ಸಹಿಸಬೇಕು, ಅಷ್ಟೆ. ಪ್ರೊಕ್ರಿಯೇಟ್ ಎಂಬುದನ್ನು ಬಹಳ ಜನ ಹೊಗಳುತ್ತಾರೆ. ಅದಕ್ಕೆ ಒಂದೇ ಸಲದ ಬೆಲೆ, ಅದೂ ಹೆಚ್ಚಲ್ಲ. ಆದರೆ ಅದು ಓಡುವ ಐಪ್ಯಾಡ್ ಕೊಳ್ಳಲು ತಿಂಗಳುಗಟ್ಟಲೆ ಸಂಬಳ ಬೇಕು. ಲಗಾಮಿನ ಬೆಲೆ ಕೇಳಿ ಕುದುರೆ ಕೊಂಡಂತೆ ಆದೀತು.

ಚಿತ್ರ ಬರೆಯುವ ಹಲಗೆ, ಪೆನ್ನು ಸೇರಿ ಮೂರು ಸಾವಿರದ ಆಸುಪಾಸಿಗೆ ಸಿಗುತ್ತದೆ. ಅದನ್ನೂ ಮೊದಲ ದಿನವೇ ತರಬೇಡಿ. ಮೂರು ತಿಂಗಳು ಕಾಗದದ ಮೇಲೆ ಬರೆಯಲಿ, ಮೊಬೈಲಿನಲ್ಲಿ ಫೋಟೋ ತೆಗೆದು ಕ್ರಿತಾದಲ್ಲಿ ಬಣ್ಣ ತುಂಬಲಿ. ಮಗಳು ಬಿಡದೆ ಕೂತಳೆಂದರೆ ಆಗ ಹಲಗೆ ತನ್ನಿ, ಇಬ್ಬರು ಮೂವರು ನೆರೆಯವರು ಕೂಡಿ ತಂದರೂ ಆದೀತು. ಮೊದಲ ಫಲಕವನ್ನು ಮುದ್ರಣಾಲಯಕ್ಕೆ ಕಳಿಸುವಾಗ ಇಂಕ್‌ಸ್ಕೇಪಿನಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ, ಪಿ.ಡಿ.ಎಫ್. ಮಾಡಿ ಕೊಡಿ. ಅಲ್ಲಿಯ ಯಂತ್ರದಲ್ಲಿ ನಿಮ್ಮ ಕನ್ನಡದ ಅಚ್ಚು ಇಲ್ಲದಿದ್ದರೂ ಒತ್ತಕ್ಷರ ಅಲುಗಾಡುವುದಿಲ್ಲ.