ಕುಂಡದಲ್ಲಿ ಒಂದು ಗಿಡ, ಅಗ್ರಿಮೆಂಟಲ್ಲಿ ನನ್ನ ಹೆಸರು

ಹಿಂದೆ ಕೂತವರಿಗೂ ಕೇಳಿಸ್ತಾ ಇದೆಯಲ್ಲ? ಸರಿ.

ಈ ವಿಷಯ ಮಾತಾಡ್ತೀನಿ ಅಂದಾಗ ಚಾನೆಲ್‌ನವರು ಒಂದು ಕ್ಷಣ ಸುಮ್ಮನಾದರು. ಗಾಂಜಾ ಬೆಳೆಯೋದು ಹೇಗೆ ಅಂತ ಹೇಳಿಕೊಡೋಕೆ ನಾನು ಬರ್ತಾ ಇಲ್ಲ, ನಮ್ಮ ಮನೆ ಬಾಲ್ಕನಿಯಲ್ಲಿ ಒಂದು ಗಿಡ ಬೆಳೀತು, ಅದರಿಂದ ನನಗೆ ಎರಡು ವಾರ ನಿದ್ದೆ ಹೋಯ್ತು, ಅದನ್ನ ಹೇಳ್ತೀನಿ ಅಂದೆ. ಆಮೇಲೆ ಒಪ್ಪಿದರು.

ನಾನು ಹೈದರಾಬಾದಿಗೆ ಬಂದು 11 ವರ್ಷ. ಕೊಂಡಾಪುರದಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟ್. ಬಾಡಿಗೆ ಅಗ್ರಿಮೆಂಟ್ ಇದ್ದಿದ್ದು ನನ್ನೊಬ್ಬನ ಹೆಸರಲ್ಲಿ. ಉಳಿದ ಇಬ್ಬರು ಹುಡುಗರು ತಿಂಗಳ ಮೊದಲ ವಾರ ನನಗೆ ಯುಪಿಐ ಮಾಡ್ತಾರೆ, ನಾನು ಓನರ್‌ಗೆ ಕಳಿಸ್ತೀನಿ. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆ ಹೀಗೇ ನಡೀತಿರುತ್ತೆ. ಯಾರಾದ್ರೂ ಒಬ್ಬರು ಸಹಿ ಹಾಕಿರ್ತಾರೆ, ಉಳಿದವರು ಬರ್ತಾರೆ, ಹೋಗ್ತಾರೆ.

ಆ ಇಬ್ಬರಲ್ಲಿ ಒಬ್ಬ ಗದಗ ಕಡೆಯವನು. 26 ವರ್ಷ. ಅಮೆರಿಕದ ಕ್ಲೈಂಟ್‌ಗೆ ಸಪೋರ್ಟ್ ಕೆಲಸ, ಎರಡು ವರ್ಷದಿಂದ ರಾತ್ರಿ ಪಾಳಿ. ಬೆಳಿಗ್ಗೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದ್ರೆ ಹತ್ತಕ್ಕೆ ಎದ್ದು ಕೂತಿರ್ತಿದ್ದ. ಕಣ್ಣು ಕೆಂಪು. ಒಳ್ಳೆ ಹುಡುಗ, ಪ್ರತಿ ಭಾನುವಾರ ತಾಯಿಗೆ ವಿಡಿಯೋ ಕಾಲ್ ಮಾಡಿ ಅಡುಗೆಮನೆ ತೋರಿಸ್ತಿದ್ದ, ‘ಊಟಾ ಆತವ್ವಾ’ ಅಂತಿದ್ದ.

ಜೂನ್‌ನಲ್ಲಿ ವಾಷಿಂಗ್ ಮೆಷಿನ್ ಪಕ್ಕ ಒಂದು ಕುಂಡ ಬಂತು. ಎಲೆ ನೋಡಿ ನಾನು ಪುಂಡಿ ಅಂದ್ಕೊಂಡೆ. ಗದಗಿನ ಹುಡುಗ, ಪುಂಡಿ ಪಲ್ಯ ನೆನಪಾಗಿ ಹಾಕಿರಬೇಕು ಅಂತ ಖುಷೀನೂ ಆಯ್ತು. ನಗಬೇಡಿ, ನನ್ನ ತಪ್ಪಲ್ಲ. ಪುಂಡಿ ಜಾತಿಯ ಒಂದು ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಇಟ್ಟಿರೋ ಹೆಸರೇ ಹಿಬಿಸ್ಕಸ್ ಕ್ಯಾನಬಿನಸ್. ಗಾಂಜಾ ಗಿಡದ ಥರ ಎಲೆ ಇರೋದು ಅಂತಲೇ ಅರ್ಥ. ಆದರೆ ಪುಂಡಿ ಎಲೆಯ ಬೆರಳುಗಳು ಬುಡದಲ್ಲಿ ಕೂಡಿಕೊಂಡಿರ್ತವೆ, ಒಂದೇ ಎಲೆ ಸೀಳಿದ ಹಾಗೆ. ಗಾಂಜಾದ್ದು ಬೇರೆ ಬೇರೆ ಎಲೆಗಳು ಒಂದೇ ತೊಟ್ಟಿನ ತುದಿಯಿಂದ ಹರಡಿಕೊಂಡ ಹಾಗೆ, ಅಂಚಿನಲ್ಲಿ ಗರಗಸದ ಹಲ್ಲು ಎದ್ದು ಕಾಣುತ್ತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

ಮೊದಲು ಗುರುತು ಹಿಡಿದಿದ್ದು ಅಡುಗೆಗೆ ಬರೋ ಅಕ್ಕ. ಆಗಸ್ಟ್ ಮೊದಲ ವಾರ, ಬಟ್ಟೆ ಒಣ ಹಾಕೋಕೆ ಹೋದವರು ವಾಪಸ್ ಬಂದು ಮೆಲ್ಲಗೆ ಹೇಳಿದರು: ‘ಅದಿ ಗೋಂಗೂರ ಕಾದು ಸಾರ್.’ ಅದು ಗೋಂಗೂರ ಅಲ್ಲ ಅಂತ. ಅಷ್ಟೇ ಹೇಳಿ ಪಾತ್ರೆ ತೊಳೆಯೋಕೆ ಹೋದರು. ನಾನು ಬಾಲ್ಕನಿಗೆ ಹೋದೆ. ಗಿಡ ಮೊಣಕಾಲೆತ್ತರವೂ ಇರಲಿಲ್ಲ, ಆಗಲೇ ಹೂ ಬಿಟ್ಟಿತ್ತು. ವಾಸನೆ! ಒಂದ್ಸಲ ಗೊತ್ತಾದ ಮೇಲೆ ಆ ವಾಸನೆ ಲಿಫ್ಟ್‌ವರೆಗೂ ಬರ್ತಿದೆ ಅನ್ನಿಸೋಕೆ ಶುರುವಾಯ್ತು.

ಅವನು ಎದ್ದ ಮೇಲೆ ಕೇಳಿದೆ. ಸುಳ್ಳು ಹೇಳಲಿಲ್ಲ.

‘ಅಣ್ಣಾ, ಒಂದ ಗಿಡಾ ಐತ್ರಿ. ಮಾರಾಕಲ್ಲ. ನಿದ್ದಿ ಬರವಲ್ದು ಅಂತ ಹಾಕೇನಿ. ಇಂಡಿಕಾ ಅಂತ, ಭಾಳ ಸುಲಭ ಐತ್ರಿ ಇದು.’

ಈ ‘ಸುಲಭ’ ಅವನಿಗೆ ಎಲ್ಲಿಂದ ಬಂತು? ಒಂಟಾರಿಯೋದಲ್ಲಿರೋ ಕಾಲೇಜು ಗೆಳೆಯನಿಂದ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಸಬಹುದು. ಅಲ್ಲೂ ಕ್ವಿಬೆಕ್ ಪ್ರಾಂತ್ಯ ಮಾತ್ರ ಮನೇಲಿ ಬೆಳೆಸೋದು ಬೇಡ ಅಂತ ಕಾನೂನು ಮಾಡ್ಕೊಂಡಿದೆ, ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರೊಬ್ಬರಿಗೆ ಮೂರು ಗಿಡ. ಹಾಗಾಗಿ ಅಲ್ಲಿರೋ ಗೆಳೆಯ ತನ್ನ ಟೆಂಟು, ದೀಪ, ಫ್ಯಾನು ಎಲ್ಲ ತೋರಿಸಿ ಮೆಂತ್ಯೆ ಸೊಪ್ಪು ಬೆಳೆದಷ್ಟೇ ಸಲೀಸು ಅಂದಿದಾನೆ. ಅವನ ಪಾಲಿಗೆ ಅದು ನಿಜಾನೇ.

ಈಗ ಇಂಡಿಕಾ ಅನ್ನೋ ಹೆಸರಿನ ವಿಷಯ. 1753ರಲ್ಲಿ ಲಿನೇಯಸ್ ಕ್ಯಾನಬಿಸ್ ಸಟೈವಾ ಅಂತ ಹೆಸರಿಟ್ಟ. 1785ರಲ್ಲಿ ಫ್ರಾನ್ಸಿನ ಲಮಾರ್ಕ್ ಭಾರತದಿಂದ ಹೋದ ಮಾದರಿಗಳನ್ನ ನೋಡಿ ಇದು ಬೇರೆ ಅಂತ ಕ್ಯಾನಬಿಸ್ ಇಂಡಿಕಾ ಅಂದ. ಅವನು ನೋಡಿದ್ದು ನಮ್ಮ ಕಡೆಯ ಸಪೂರ ಎಲೆಯ ಗಿಡ. ಇವತ್ತು ಬೀಜದ ಕಂಪನಿಗಳು ಇಂಡಿಕಾ ಅಂತ ಮಾರೋದು ಅದಲ್ಲ. ಅಫ್ಘಾನಿಸ್ತಾನ, ಹಿಂದೂಕುಷ್ ಕಡೆಯ ಕುಳ್ಳಗೆ, ಅಗಲ ಎಲೆಯ, ದಟ್ಟ ಹೂವಿನ ತಳಿ. ಅವರ ಲೆಕ್ಕದಲ್ಲಿ ಕೇರಳದ ಎತ್ತರದ ಗಿಡ ‘ಸಟೈವಾ’. ಇಂಡಿಯಾದ ಗಿಡ ಇಂಡಿಕಾ ಅಲ್ಲ, ನೋಡಿ!

ಆ ಬೆಟ್ಟದ ಗಿಡ ಯಾಕೆ ಸುಲಭ? ಅಲ್ಲಿ ಬೇಸಿಗೆ ಚಿಕ್ಕದು, ಚಳಿ ಬೇಗ ಬರುತ್ತೆ. ಅಷ್ಟರೊಳಗೆ ಕೆಲಸ ಮುಗಿಸೋದನ್ನ ಗಿಡ ಕಲ್ತಿದೆ. ಎಂಟೊಂಬತ್ತು ವಾರದಲ್ಲಿ ಹೂ ಮಾಗುತ್ತೆ, ಎತ್ತರಾನೂ ಹೋಗಲ್ಲ, ಟೆಂಟಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಹೂ ಬಿಡೋದಕ್ಕೆ ಅದು ನೋಡೋದು ಹಗಲು ಎಷ್ಟುದ್ದ, ರಾತ್ರಿ ಎಷ್ಟುದ್ದ ಅಂತ. ಕಾಬೂಲಿನಲ್ಲಿ ಜೂನ್ ಹಗಲು 14 ಗಂಟೆಗೂ ಮೇಲೆ. ಹೈದರಾಬಾದಿನಲ್ಲಿ ವರ್ಷದ ಅತಿ ಉದ್ದದ ಹಗಲೇ 13 ಗಂಟೆ ಚಿಲ್ಲರೆ. ಗಿಡಕ್ಕೆ ಇಲ್ಲಿ ಹುಟ್ಟಿದ ದಿನದಿಂದ ಬೇಸಿಗೆ ಮುಗೀತಾ ಬಂದಿದೆ ಅಂತಲೇ ಅನ್ನಿಸೋದು. ಬೆಳೆಯೋ ಮೊದಲೇ ಹೂ ಬಿಡುತ್ತೆ. ಜೊತೆಗೆ ನಮ್ಮ ಮಳೆಗಾಲ. ಒಣ ಹವೆಯ ಬೆಟ್ಟದಲ್ಲಿ ದಟ್ಟ ಹೂ ಸರಿ, ಆಗಸ್ಟ್ ತೇವದಲ್ಲಿ ಅದರೊಳಗೆ ಬೂದಿ ಬಣ್ಣದ ಬೂಸ್ಟು ಹಿಡಿಯುತ್ತೆ. ಅವನ ಗಿಡದ ತುದಿಯಲ್ಲಿ ಆಗಲೇ ಬೂಸ್ಟು ಇತ್ತು. ಅದನ್ನ ಸೇದಿದ್ರೆ ಶ್ವಾಸಕೋಶಕ್ಕೆ ಏನಾಗ್ತಿತ್ತೋ.

ಇನ್ನು ‘ಇಂಡಿಕಾ ಅಂದ್ರೆ ನಿದ್ದೆ’ ಅನ್ನೋದು. ಲೇಬಲ್ಲಿಗೂ ಒಳಗಿರೋ ರಸಾಯನಕ್ಕೂ ತಾಳೆ ಕಮ್ಮಿ ಅಂತ ಸಂಶೋಧಕರು ಹೇಳ್ತಾ ಬಂದಿದಾರೆ. ಟಿಎಚ್‌ಸಿ ಶುರುವಿನಲ್ಲಿ ಬೇಗ ನಿದ್ದೆ ಹತ್ತಿಸಬಹುದು. ದಿನಾ ತಗೊಂಡ್ರೆ ದೇಹ ಒಗ್ಗಿಕೊಳ್ಳುತ್ತೆ, ಬಿಟ್ಟಾಗ ಮೊದಲಿಗಿಂತ ಕೆಟ್ಟ ನಿದ್ದೆ, ವಿಚಿತ್ರ ಕನಸು. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ, ಕಾನೂನು. ಕಲಬುರಗಿ ಕಡೆಯ ಒಬ್ಬ ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ‘ನನ್ನ ಗೆಳೆಯನೊಬ್ಬನ ಮನೇಲಿ’ ಅಂತ ಶುರು ಮಾಡಿದೆ. ಅವನು ನಕ್ಕ. ‘ನಿನ್ನ ಮನ್ಯಾಗ ಅಂತ ಹೇಳೋ ಮಾರಾಯ’ ಅಂದ.

ಹುಡುಗನ ವಾದ ಏನಂದ್ರೆ, ಎಲೆ ಮತ್ತೆ ಬೀಜ ಕಾಯ್ದೆಗೆ ಬರಲ್ಲ, ಉತ್ತರ ಪ್ರದೇಶದಲ್ಲಿ ಸರ್ಕಾರವೇ ಭಂಗ್ ಅಂಗಡಿಗೆ ಲೈಸೆನ್ಸ್ ಕೊಡುತ್ತೆ. ಅರ್ಧ ಸರಿ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಹೂವಿನ, ಕಾಯಿಯ ತುದಿಗಳು. ತುದಿ ಜೊತೆಗಿಲ್ಲದ ಎಲೆ, ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಆದರೆ ‘ಕ್ಯಾನಬಿಸ್ ಗಿಡ’ ಅನ್ನೋದಕ್ಕೆ ಅದೇ ಕಾಯ್ದೆಯಲ್ಲಿ ಬೇರೆ ವ್ಯಾಖ್ಯೆ ಇದೆ. ಆ ಕುಲದ ಯಾವುದೇ ಗಿಡ. ಇಂಡಿಕಾನೋ ಸಟೈವಾನೋ, ಕುಳ್ಳೋ ಎತ್ತರವೋ, ಹೂ ಬಿಟ್ಟಿದೆಯೋ ಇಲ್ಲವೋ, ಕೇಳೋದೇ ಇಲ್ಲ. ಬೀಜ ಡಬ್ಬಿಯಲ್ಲಿ ಇದ್ದಾಗ ಒಂದು ಲೆಕ್ಕ, ಮಣ್ಣಲ್ಲಿ ಮೊಳೆತ ಮೇಲೆ ಇನ್ನೊಂದು ಲೆಕ್ಕ.

ಮತ್ತೆ ಶಿಕ್ಷೆ. ಇದನ್ನ ದಯವಿಟ್ಟು ಗಮನ ಇಟ್ಟು ಕೇಳಿ, ಯಾಕಂದ್ರೆ ನಾನೇ ಎರಡು ಸಲ ಓದಿದೆ. ಒಣ ಗಾಂಜಾ 1 ಕಿಲೋವರೆಗೆ ಸಿಕ್ಕಿದರೆ ಅದು ‘ಸಣ್ಣ ಪ್ರಮಾಣ’, ಗರಿಷ್ಠ 1 ವರ್ಷ ಸಜೆ, ಇಲ್ಲಾ 10,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಗಿಡ ಬೆಳೆಸಿದರೆ ಸೆಕ್ಷನ್ 20ರ ಮೊದಲ ಭಾಗ: 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಬೆಳೆಸೋದಕ್ಕೆ ಸಣ್ಣ ಪ್ರಮಾಣ, ದೊಡ್ಡ ಪ್ರಮಾಣ ಅನ್ನೋ ಮೆಟ್ಟಿಲೇ ಇಲ್ಲ. ಎಕರೆಗೂ ಅದೇ ಸೆಕ್ಷನ್, ಕುಂಡಕ್ಕೂ ಅದೇ. ಒಂದು ಕುಂಡಕ್ಕೆ ಯಾವ ಜಡ್ಜೂ 10 ವರ್ಷ ಕೊಡಲಿಕ್ಕಿಲ್ಲ ಅಂದ ಗೆಳೆಯ. ಆದರೆ ಎಫ್‌ಐಆರ್ ಹಾಕೋ ಪೊಲೀಸರು ಆ ಸೆಕ್ಷನ್ನೇ ಬರೀತಾರೆ.

ಮನೆಯಲ್ಲಿ, ಯಾರಿಗೂ ಮಾರದೆ, ತನ್ನಷ್ಟಕ್ಕೆ ಬೆಳೆದುಕೊಳ್ಳೋದೇ ಕಮ್ಮಿ ತಪ್ಪು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಕಾಯ್ದೆ ಉಲ್ಟಾ ನಿಂತಿದೆ.

ಆಮೇಲೆ ಅವನು ಸೆಕ್ಷನ್ 25 ಓದಿ ಹೇಳಿದ. ಮನೆಯ ಮಾಲೀಕನೋ, ವಾಸ ಇರೋನೋ, ಮನೆ ಯಾರ ಹತೋಟಿಯಲ್ಲಿದೆಯೋ ಅವನೋ, ಗೊತ್ತಿದ್ದೂ ಬಿಟ್ಟರೆ ಅವನಿಗೂ ಅದೇ ಅಪರಾಧದ ಶಿಕ್ಷೆ. ‘ಗೊತ್ತಿದ್ದೂ’ ಅನ್ನೋದು ಮುಖ್ಯ. ಅಕ್ಕ ಹೇಳೋ ಮೊದಲು ನಾನು ಪುಂಡಿ ಅಂದ್ಕೊಂಡಿದ್ದ ಮನುಷ್ಯ. ಅವರು ಹೇಳಿದ ಕ್ಷಣದಿಂದ ನಾನು ಗೊತ್ತಿರೋ ಮನುಷ್ಯ. ಮತ್ತೆ ಈ ಕಾಯ್ದೆಯ ಸೆಕ್ಷನ್ 35 ಪ್ರಕಾರ ಮನಸ್ಸಲ್ಲಿ ಉದ್ದೇಶ ಇತ್ತು ಅಂತಲೇ ಕೋರ್ಟ್ ಊಹಿಸಿಕೊಳ್ಳುತ್ತೆ, ಇರಲಿಲ್ಲ ಅಂತ ಆರೋಪಿ ಸಾಬೀತು ಮಾಡಬೇಕು. ಗಾಂಜಾನ ಪುಂಡಿ ಅಂದ್ಕೊಂಡೆ ಸ್ವಾಮಿ ಅಂತ ನಾನು ಕೋರ್ಟಲ್ಲಿ ನಿಂತು ಹೇಳೋದನ್ನ ಊಹಿಸಿಕೊಂಡೆ. ನೀವು ನಕ್ಕ ಹಾಗೇ ಅವರೂ ನಗ್ತಾರೆ.

ಕೋರ್ಟಿಗಿಂತ ಮೊದಲು ಬರೋದು ಪಾಸ್‌ಪೋರ್ಟು. ಕ್ರಿಮಿನಲ್ ಕೇಸ್ ಕೋರ್ಟಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಅಮೆರಿಕದ ವೀಸಾಕ್ಕೆ ತುಂಬೋ ಡಿಎಸ್-160ರಲ್ಲಿ ಮಾದಕವಸ್ತು ಕಾನೂನು ಮುರಿದಿದ್ದೀರಾ ಅನ್ನೋ ಪ್ರಶ್ನೆ ಇದೆ. ಶಿಕ್ಷೆ ಆಗಿದೆಯಾ ಅಂತಲ್ಲ, ಮುರಿದಿದ್ದೀರಾ ಅಂತ. ಆ ಹುಡುಗ ಮುಂದಿನ ವರ್ಷ ಆನ್‌ಸೈಟ್ ಹೋಗೋ ಲಿಸ್ಟಲ್ಲಿದ್ದ.

ನನ್ನ ಅಭಿಪ್ರಾಯ ಕೇಳಿದ್ರೆ, ಈ ಶಿಕ್ಷೆ ಅತಿಯಾಯ್ತು. ಭಂಗಿ ನಮ್ಮಲ್ಲಿ ಹೊಸದಲ್ಲ. ನಮ್ಮ ಅಜ್ಜನ ಊರ ಮಠದ ಕಟ್ಟೆ ಮೇಲೆ ಚಿಲುಮೆ ಹಿಡಿದು ಕೂತ ಸಾಧುಗಳನ್ನ ನಾನೇ ನೋಡಿದೀನಿ, ಯಾರೂ ಅವರನ್ನ ಅಪರಾಧಿ ಅಂದಿರಲಿಲ್ಲ. ಬ್ರಿಟಿಷರೇ 1893-94ರಲ್ಲಿ ಒಂದು ಆಯೋಗ ಮಾಡಿ, ದೇಶ ಸುತ್ತಿ, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನ ಕೇಳಿ, ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ಪೂರ್ತಿ ನಿಷೇಧ ಬೇಡ ಅಂದಿದ್ದರು. ಈಗ ಉತ್ತರಾಖಂಡದಲ್ಲಿ ನಾರಿಗೆ, ಬೀಜಕ್ಕೆ ಅಂತ ಟಿಎಚ್‌ಸಿ ತೀರಾ ಕಮ್ಮಿ ಇರೋ ತಳಿಗೆ ಲೈಸೆನ್ಸ್ ಇದೆ. ಕಾನೂನು ಬದಲಾಗಲಿ, ನಾನೂ ಸಹಿ ಹಾಕ್ತೀನಿ. ಆದರೆ ಆ ರಾತ್ರಿ ನನ್ನ ಮುಂದೆ ಇದ್ದಿದ್ದು ಇವತ್ತಿನ ಕಾನೂನು, ಮತ್ತೆ ನನ್ನ ಸಹಿ ಇರೋ ಅಗ್ರಿಮೆಂಟು.

ನಾನು ಅವನನ್ನ ಮನೆ ಬಿಡು ಅನ್ನಲಿಲ್ಲ. ಅನ್ನಬೇಕು ಅಂತ ಇತ್ತು. ಎರಡು ದಿನ ಮಾತೇ ಆಡಲಿಲ್ಲ, ಅದು ನನ್ನ ತಪ್ಪು. ಮೂರನೇ ದಿನ ಅವನ ಪಾಳಿ ಮುಗಿಯೋವರೆಗೆ ಎದ್ದಿದ್ದು, ಇಬ್ಬರೂ ಟೀ ಕುಡಿದು ಸೆಕ್ಷನ್‌ಗಳನ್ನ ಒಂದೊಂದಾಗಿ ಓದಿದೆ. 10 ವರ್ಷ ಅಂದಾಗ ಅವನು ನಂಬಲಿಲ್ಲ, ಫೋನ್ ಇಸ್ಕೊಂಡು ತಾನೇ ಓದಿದ. ಆಮೇಲೆ ಒಂದೇ ಮಾತು ಕೇಳಿದ: ‘ಅವ್ವಗ ಹೇಳೀರೇನ್ರಿ?’

ಇಲ್ಲ ಅಂದೆ. ಎದ್ದು ಹೋಗಿ ಗಿಡ ಕಿತ್ತ. ನಾಲ್ಕು ದಿನ ಬಿಟ್ಟು ಬಾತ್‌ರೂಮಿನ ಲೀಕೇಜ್ ನೋಡೋಕೆ ಓನರ್ ಬಂದರು, ಪ್ಲಂಬರನ್ನ ಕರ್ಕೊಂಡು, ನೇರ ಆ ಬಾಲ್ಕನಿಗೇ. ಪೈಪ್ ಇರೋದು ಅಲ್ಲೇ. ಖಾಲಿ ಕುಂಡ ನೋಡಿ ತುಳಸಿ ಹಾಕಬಾರದಾ ಅಂದರು. ನನ್ನ ಕೈ ನಡುಗ್ತಾ ಇತ್ತು, ಜೇಬಲ್ಲಿ ಇಟ್ಕೊಂಡೆ.

ಹುಡುಗ ಈಗಲೂ ನಮ್ಮನೇಲೇ ಇದಾನೆ. ನಿದ್ದೆಗೆ ಡಾಕ್ಟರ ಹತ್ರ ಹೋದ. ಅವರು ಮಾತ್ರೆಗಿಂತ ಮೊದಲು ಪಾಳಿ ಬದಲಿಸೋ ಪತ್ರ ಬರೆದುಕೊಟ್ಟರು. ಮ್ಯಾನೇಜರ್ ಒಪ್ಪೋಕೆ ಮೂರು ತಿಂಗಳು ಹಿಡೀತು. ನಿದ್ದೆ ಪೂರ್ತಿ ಸರಿಹೋಗಿದೆ ಅಂತ ಹೇಳಲಾರೆ, ಐದಾರು ಗಂಟೆ ಬರುತ್ತಂತೆ. ಆನ್‌ಸೈಟ್ ಲಿಸ್ಟಲ್ಲಿ ಹೆಸರು ಇನ್ನೂ ಇದೆ.

ಅಗ್ರಿಮೆಂಟ್ ರಿನ್ಯೂವಲ್ ಬಂದಾಗ ಮೂರೂ ಜನರ ಹೆಸರು ಹಾಕಿಸಿದೆ. ಓನರ್ ಯಾಕೆ ಅಂತ ಕೇಳಿದರು. ಕಂಪನಿಯಲ್ಲಿ ಅಡ್ರೆಸ್ ಪ್ರೂಫ್ ಕೇಳ್ತಾರೆ ಅಂದೆ.

ಪ್ರಶ್ನೆ ಇದ್ರೆ ಕೇಳಿ. ಬೀಜ ಎಲ್ಲಿ ಸಿಗುತ್ತೆ ಅನ್ನೋದೊಂದು ಬಿಟ್ಟು.