ಎರಡು ಏಣಿಗಳ ನ್ಯಾಯ

(ಸದರ್ನ್ ಅವೆನ್ಯೂವಿನಲ್ಲಿ ಸೇರಿದ್ದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೊರಗೆ ಸರೋವರದ ಕಡೆಯಿಂದ ತಂಗಾಳಿ ಬೀಸುತ್ತಿರುವಾಗ ನಿಮ್ಮನ್ನು ಒಳಗೆ ಕೂರಿಸಿ ಅಮೆರಿಕದ ನ್ಯಾಯಾಲಯಗಳ ಮಾತೆತ್ತುವುದು ಸ್ವಲ್ಪ ಅನ್ಯಾಯವೇ ಸರಿ. ಆದರೂ ಎತ್ತುತ್ತೇವೆ. ಆ ಕಥೆಯ ನಡುವೆ ನಮ್ಮ ಕಸುಬಿನ ಹೆಂಗಸೊಬ್ಬಳು ನಿಂತಿದ್ದಾಳೆ.

ಮೊದಲು ನಮ್ಮ ಮನೆಯದನ್ನು ನೋಡೋಣ. 1862ರಲ್ಲಿ ಈ ಊರಿನಲ್ಲಿ ಆರಂಭವಾದ ಹೈಕೋರ್ಟು ಭಾರತದ ಹೈಕೋರ್ಟುಗಳಲ್ಲೆಲ್ಲ ಹಳೆಯದು. ದೆಹಲಿಯ ಪಾರ್ಲಿಮೆಂಟು ಮಾಡಿದ ಕಾಯಿದೆಯ ಖಟ್ಲೆಯೂ ಅಲ್ಲಿಗೇ ಬರುತ್ತದೆ, ಪಶ್ಚಿಮ ಬಂಗಾಳದ ವಿಧಾನಸಭೆ ಮಾಡಿದ ಕಾಯಿದೆಯದೂ ಅಲ್ಲಿಗೇ. ಸರಕಾರಗಳು ಎರಡಾದರೂ ಕೋರ್ಟಿನ ಏಣಿ ಒಂದೇ. 1937ರಲ್ಲಿ ದೆಹಲಿಯಲ್ಲಿ ಫೆಡರಲ್ ಕೋರ್ಟ್ ಎಂಬುದೊಂದು ತೆರೆಯಿತು. ಹೆಸರು ಅಮೆರಿಕವನ್ನು ನೆನಪಿಗೆ ತಂದರೂ ಅದರ ಕೆಳಗೆ ಅದರವೇ ಆದ ಕೋರ್ಟುಗಳಿರಲಿಲ್ಲ. 1950ರಲ್ಲಿ ಆ ಸ್ಥಾನಕ್ಕೆ ಸುಪ್ರೀಂ ಕೋರ್ಟು ಬಂತು.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿಯ 50 ರಾಜ್ಯಗಳಿಗೂ ತಮ್ಮ ತಮ್ಮ ಕೋರ್ಟುಗಳಿವೆ, ತಮ್ಮದೇ ಸರ್ವೋಚ್ಚ ನ್ಯಾಯಾಲಯವಿದೆ. ಇದು ಒಂದು ಏಣಿ. ಅದರ ಪಕ್ಕದಲ್ಲಿ ಕೇಂದ್ರದ ಏಣಿ ಬೇರೆ: ಕೆಳಗೆ 94 ಜಿಲ್ಲಾ ಕೋರ್ಟುಗಳು, ನಡುವೆ 13 ಅಪೀಲು ಕೋರ್ಟುಗಳು, ಮೇಲೆ ಒಂಬತ್ತು ಮಂದಿ ಕೂರುವ ಸುಪ್ರೀಂ ಕೋರ್ಟು. ಬಾಡಿಗೆ ಜಗಳ, ವಿವಾಹ ವಿಚ್ಛೇದನ, ಸಾಧಾರಣ ಕಳವು ಇವೆಲ್ಲ ರಾಜ್ಯದ ಕೋರ್ಟಿಗೆ. ದೇಶದ ಸಂವಿಧಾನದ ಪ್ರಶ್ನೆಯೆದ್ದರೆ, ಕಾಂಗ್ರೆಸ್ ಎಂಬ ಅವರ ಪಾರ್ಲಿಮೆಂಟಿನ ಕಾಯಿದೆಯ ಮಾತು ಬಂದರೆ, ಇಲ್ಲವೆ ಬೇರೆ ಬೇರೆ ರಾಜ್ಯಗಳವರ ನಡುವೆ 75,000 ಡಾಲರಿಗೆ ಮೀರಿದ ವ್ಯಾಜ್ಯವಾದರೆ, ಕೇಂದ್ರದ ಕೋರ್ಟಿನ ಬಾಗಿಲು ತಟ್ಟಬಹುದು.

ಕೇಂದ್ರದ ಈ ನ್ಯಾಯಾಧೀಶರನ್ನು ರಾಷ್ಟ್ರಾಧ್ಯಕ್ಷರು ಸೆನೆಟ್ಟಿನ ಒಪ್ಪಿಗೆಯಿಂದ ನೇಮಿಸುತ್ತಾರೆ. ನಮ್ಮಲ್ಲಿ ಹೈಕೋರ್ಟಿಗೆ 62, ಸುಪ್ರೀಂ ಕೋರ್ಟಿಗೆ 65 ವರ್ಷವೆಂದು ಗಡುವಿದೆ. ಅವರಿಗೆ ಗಡುವೇ ಇಲ್ಲ. ಅದೇ ಹಲವು ರಾಜ್ಯಗಳ ಕೋರ್ಟುಗಳಲ್ಲಿ ನ್ಯಾಯಾಧೀಶರು ಚುನಾವಣೆಗೆ ನಿಂತು ಗೆದ್ದು ಬರುತ್ತಾರೆ. ಮತ ಕೇಳಲು ಹೋದವನು ಊರಿನ ಧನಿಕರಿಗೆ ನಾಲ್ಕು ನಮಸ್ಕಾರ ಹೆಚ್ಚಾಗಿ ಹಾಕದೆ ಇರುವನೆ ಎಂಬುದು ನಮ್ಮ ಸಂಶಯ.

ಇನ್ನು ಆ ಹೆಂಗಸಿನ ವಿಷಯ. ವಾಷಿಂಗ್ಟನ್ ರಾಜ್ಯದ ವೆನಾಚಿ ಎಂಬ ಊರಿನ ಹೋಟೆಲೊಂದರಲ್ಲಿ ಎಲ್ಸಿ ಪ್ಯಾರಿಷ್ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸ ಮಾಡುತ್ತಿದ್ದಳು. ಹೆಂಗಸರಿಗೆ ವಾರಕ್ಕೆ 48 ಗಂಟೆಯ ದುಡಿಮೆಗೆ ಕನಿಷ್ಠ 14 ಡಾಲರು 50 ಸೆಂಟು ಕೊಡಬೇಕೆಂದು ರಾಜ್ಯದ ನಿಯಮವಿತ್ತು. ಕೈಗೆ ಬರುತ್ತಿದ್ದುದು ಅದಕ್ಕಿಂತ ಕಡಿಮೆ. ಕೆಲಸ ಹೋದ ಮೇಲೆ ಬಾಕಿ ಲೆಕ್ಕ ಹಾಕಿ 216 ಡಾಲರು 19 ಸೆಂಟಿಗೆ ದಾವೆ ಹೂಡಿದಳು. ಆ 19 ಸೆಂಟನ್ನು ಬಿಡಲಿಲ್ಲ ನೋಡಿ!

ದಾವೆ ಹೂಡಿದ್ದು ರಾಜ್ಯದ ಏಣಿಯಲ್ಲಿ. ಕೆಳಗಿನ ಕೋರ್ಟಿನಲ್ಲಿ ಸೋತಳು. ಕನಿಷ್ಠ ಸಂಬಳದ ಕಾಯಿದೆ ಸಲ್ಲದೆಂದು 1923ರಲ್ಲಿ ದೇಶದ ಸುಪ್ರೀಂ ಕೋರ್ಟು ಹೇಳಿಬಿಟ್ಟಿತ್ತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವಳ ಕಡೆ ತೀರ್ಪು ಕೊಟ್ಟಿತು. ಆಗ ಹೋಟೆಲಿನವರು ಮೇಲೆ ಹೋದರು: ಧಣಿಯೂ ಆಳೂ ಮನಬಂದ ದರಕ್ಕೆ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಸಂವಿಧಾನ ಕೊಟ್ಟಿದೆ ಎಂದರು. ದೇಶದ ಸಂವಿಧಾನದ ಪ್ರಶ್ನೆ ಎದ್ದಿತಲ್ಲ, ರಾಜ್ಯದ ಏಣಿಯ ತುದಿಯಿಂದ ಖಟ್ಲೆ ನೇರ ಸುಪ್ರೀಂ ಕೋರ್ಟಿಗೆ ದಾಟಿತು. ಎರಡು ಏಣಿಗಳು ಕೂಡುವ ಜಾಗ ಇದೇ.

1936ರ ಜೂನ್ ತಿಂಗಳಲ್ಲಿ ಅದೇ ಕೋರ್ಟು ನ್ಯೂಯಾರ್ಕಿನ ಇಂಥದೇ ಕಾಯಿದೆಯನ್ನು ಐದಕ್ಕೆ ನಾಲ್ಕರಂತೆ ಹೊಡೆದುಹಾಕಿತ್ತು. 1937ರ ಮಾರ್ಚ್ 29ರಂದು ಐದಕ್ಕೆ ನಾಲ್ಕರಂತೆಯೇ ಪ್ಯಾರಿಷ್ ಗೆದ್ದಳು. ಬದಲಾದದ್ದು ಓವನ್ ರಾಬರ್ಟ್ಸ್ ಎಂಬೊಬ್ಬ ನ್ಯಾಯಮೂರ್ತಿಯ ಮತ. ಕೋರ್ಟಿಗೆ ಹೆಚ್ಚು ಮಂದಿಯನ್ನು ತುಂಬುತ್ತೇನೆಂದ ಅಧ್ಯಕ್ಷ ರೂಸ್‌ವೆಲ್ಟರಿಗೆ ಹೆದರಿದರೆಂದು ಜನ ಆಡಿಕೊಂಡರು. ಆದರೆ ಅವರು ಒಳಗೆ ಮತ ಕೊಟ್ಟದ್ದು 1936ರ ಡಿಸೆಂಬರಿನಲ್ಲಿ, ರೂಸ್‌ವೆಲ್ಟರ ಯೋಜನೆ ಹೊರಬಿದ್ದದ್ದು ಆಮೇಲೆ, ಫೆಬ್ರವರಿಯಲ್ಲಿ. ಮರುವರ್ಷ ಕಾಂಗ್ರೆಸ್ಸು ದೇಶಕ್ಕೆಲ್ಲ ಗಂಟೆಗೆ 25 ಸೆಂಟಿನ ಕನಿಷ್ಠ ಸಂಬಳದ ಕಾಯಿದೆ ಮಾಡಿತು.

ಗಿರಣಿಯ ಬಂಧುಗಳು ಇದು ಹೋಟೆಲಿನವರ ಕಥೆಯಾಯಿತು ಎನ್ನಬಾರದು. ನಮ್ಮಲ್ಲಿ 1948ರಲ್ಲಿ ಕನಿಷ್ಠ ವೇತನ ಕಾಯಿದೆ ಬಂತು. ಅಜ್ಮೀರ ಸೀಮೆಯ ಬಿಜಯ್ ಕಾಟನ್ ಮಿಲ್ಸ್‌ನವರು ತಿಂಗಳಿಗೆ 35 ರೂಪಾಯಿಗಿಂತ ಹೆಚ್ಚು ಕೊಡಲಾಗದೆಂದರು. ಸರಕಾರ 56 ಎಂದು ಗೊತ್ತುಮಾಡಿತು. ಗಿರಣಿಗೆ ಬೀಗ ಬಿತ್ತು. ಹೊಟ್ಟೆ ಕೇಳಬೇಕಲ್ಲ, ಆಳುಗಳೇ 35ಕ್ಕೆ ಬರುತ್ತೇವೆ ಎಂದರು. ಗಿರಣಿಯವರ ಜೊತೆಗೆ ಆಳುಗಳಲ್ಲಿಯೇ ಕೆಲವರು ಕಾಯಿದೆ ಸಲ್ಲದೆಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಮೂಲಭೂತ ಹಕ್ಕಿಗಾಗಿ ನೇರವಾಗಿ ಮೇಲಿನ ಮೆಟ್ಟಿಲಿಗೇ ಹೋಗುವ ಈ ದಾರಿ, ಸಂವಿಧಾನದ 32ನೆಯ ವಿಧಿಯದು. ಅಮೆರಿಕದ ಕೂಲಿಕಾರನಿಗೆ ಇಂಥದಿಲ್ಲ.

1954ರ ಅಕ್ಟೋಬರಿನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಬಿಜನ್ ಕುಮಾರ್ ಮುಖರ್ಜಿ, ನಮ್ಮ ಈ ಕಲ್ಕತ್ತೆಯ ಹೈಕೋರ್ಟಿನಿಂದ ಹೋದವರು. ಬಡತನದಿಂದ, ನಿರುಪಾಯದಿಂದ ಆಳು ಕಡಿಮೆಗೆ ಒಪ್ಪಿದರೂ ಧಣಿ ಕನಿಷ್ಠ ಸಂಬಳ ಕೊಡಲೇಬೇಕು, ಕಾಯಿದೆ ಊರ್ಜಿತ ಎಂದು ಅವರು ತೀರ್ಮಾನಿಸಿದರು. ಎರಡೂ ಅರ್ಜಿಗಳು ವಜಾ ಆದವು.