ಒರೆಸಿಹೋಗದ ಕಡತ: ವಾಟರ್‌ಗೇಟ್ ವಿಶೇಷ ಅಭಿಯೋಜಕರ ದಾಖಲೆಗಳು



ಈ ದತ್ತಿ ಉಪನ್ಯಾಸ ಯಾರ ನೆನಪಿನದೋ ಆ ಹಿರಿಯರು ಬದುಕೆಲ್ಲ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ದುಡಿದವರು. ಹಾಗಾಗಿ ‘ಕಡತ’ ಎಂಬ ನಮ್ಮ ಪದದಿಂದಲೇ ಮಾತು ಶುರುಮಾಡುತ್ತೇನೆ. ಇವತ್ತು ಕಡತವೆಂದರೆ ಫೈಲು. ಹಿಂದೆ ಅದು ಹುಣಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಬಳಿದು ಕಪ್ಪಾಗಿಸಿದ, ಮಡಚಿಡುವ ಬಟ್ಟೆ. ಬರೆಯುತ್ತಿದ್ದುದು ಬಳಪದಲ್ಲಿ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಬಳಪದ ಬರಹ ಒರೆಸಿದರೆ ಹೋಗುತ್ತದೆ. ಯಾರೋ ಒರೆಸಲಿಲ್ಲ, ಆದ್ದರಿಂದ ನಮಗೆ ಉಳಿದಿದೆ. ಒರೆಸುವ ಕೈಗೂ ಉಳಿಸುವ ಕೈಗೂ ನಡುವೆ ನಡೆದ ಒಂದು ದೊಡ್ಡ ಜಗ್ಗಾಟವನ್ನು ಇಂದು ನಿಮ್ಮ ಮುಂದಿಡುತ್ತೇನೆ.

1972ರ ಜೂನ್ 17ರಂದು ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ, ಡೆಮಾಕ್ರಾಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐವರು ಸಿಕ್ಕಿಬಿದ್ದರು. ಅಧ್ಯಕ್ಷ ರಿಚರ್ಡ್ ನಿಕ್ಸನ್ ತಮಗೆ ಸಂಬಂಧವಿಲ್ಲ ಎಂದರು. 1973ರ ಮೇ ತಿಂಗಳಲ್ಲಿ ಆರ್ಚಿಬಾಲ್ಡ್ ಕಾಕ್ಸ್ ವಿಶೇಷ ಅಭಿಯೋಜಕರಾದರು. ಶ್ವೇತಭವನದಲ್ಲಿ ಮಾತುಕತೆಗಳು ಗುಟ್ಟಾಗಿ ಟೇಪಾಗುತ್ತಿವೆ ಎಂಬುದು ಜುಲೈನಲ್ಲಿ ಬಯಲಾಯಿತು. ಆ ಟೇಪುಗಳನ್ನು ಕೊಡಿ ಎಂದು ಕಾಕ್ಸ್ ಕೇಳಿದರು. ಅಕ್ಟೋಬರ್ 20ರ ಶನಿವಾರ ರಾತ್ರಿ ಅವರನ್ನೇ ವಜಾ ಮಾಡಲಾಯಿತು. ವಜಾ ಮಾಡಲು ಒಪ್ಪದ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ಅದೇ ದಿನ ರಾಜೀನಾಮೆ ಕೊಟ್ಟಿದ್ದರು.

ಆ ರಾತ್ರಿ ಕಾಕ್ಸ್ ಕಚೇರಿಯ ಬಾಗಿಲಲ್ಲಿ ಎಫ್‌ಬಿಐ ಕಾವಲು ಬಂತು. ತಿಂಗಳುಗಟ್ಟಲೆ ತಾವೇ ಕೂಡಿಸಿದ ಕಾಗದಗಳನ್ನು ಸಿಬ್ಬಂದಿ ಹೊರಗೊಯ್ಯುವಂತಿರಲಿಲ್ಲ. ಆದರೆ ಜನರ ಆಕ್ರೋಶಕ್ಕೆ ಸರ್ಕಾರ ಮಣಿಯಿತು. ಹೊಸ ಅಭಿಯೋಜಕ ಲಿಯಾನ್ ಜವೋರ್‌ಸ್ಕಿ ಅದೇ ಸಿಬ್ಬಂದಿಯೊಂದಿಗೆ, ಅದೇ ಕಡತಗಳೊಂದಿಗೆ ಕೆಲಸ ಮುಂದುವರಿಸಿದರು.

ಒರೆಸುವ ಕೈ ಟೇಪನ್ನೂ ಮುಟ್ಟಿತ್ತು. ಕಳ್ಳತನವಾಗಿ ಮೂರು ದಿನಗಳ ನಂತರದ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್ ಎಂಬ ಸದ್ದು. ಆರು ಮಂದಿ ತಜ್ಞರು ಪರೀಕ್ಷಿಸಿ, ಕನಿಷ್ಠ ಐದು ಬಾರಿ ಅಳಿಸಲಾಗಿದೆ ಎಂದು 1974ರ ಜನವರಿಯಲ್ಲಿ ವರದಿ ಕೊಟ್ಟರು. ಅಳಿಸಿದ್ದು ಯಾರೆಂಬುದು ಇಂದಿಗೂ ಸಾಬೀತಾಗಿಲ್ಲ.

ಉಳಿದ ಟೇಪು ಏನು ಮಾಡಬಲ್ಲದು ಎನ್ನುವುದಕ್ಕೆ ಒಂದೇ ಪದದ ಕಥೆ ಸಾಕು. 1973ರ ಮಾರ್ಚ್ 21ರಂದು, ವಾಟರ್‌ಗೇಟ್ ಪ್ರಕರಣದ ಅಪರಾಧಿ ಹೋವರ್ಡ್ ಹಂಟ್ ಹಣ ಕೇಳುತ್ತಿದ್ದಾನೆ ಎಂದು ಶ್ವೇತಭವನದ ವಕೀಲ ಜಾನ್ ಡೀನ್ ಅಧ್ಯಕ್ಷರಿಗೆ ತಿಳಿಸಿದರು. ಅಂದೇ ರಾತ್ರಿ ಹಂಟ್‌ನ ವಕೀಲರಿಗೆ 75,000 ಡಾಲರ್ ತಲುಪಿತು. ಹಣ ಹೊಂದಿಸಬಹುದು, ಆದರೆ ಅದು ತಪ್ಪಾಗುತ್ತದೆ ಎಂದು ಅಧ್ಯಕ್ಷರು ಹೇಳಿದ್ದರೆಂದು ಅವರ ಆಪ್ತ ಎಚ್. ಆರ್. ಹಾಲ್ಡ್‌ಮನ್ ಸೆನೆಟ್ ಸಮಿತಿಯ ಮುಂದೆ ಪ್ರಮಾಣ ಮಾಡಿ ನುಡಿದರು. ಟೇಪು ಹಾಕಿ ಕೇಳಿದರೆ ‘ತಪ್ಪು’ ಎಂಬ ಮಾತು ಇದೆ. ಅಧ್ಯಕ್ಷರು ಅದನ್ನು ಆಡಿದ್ದು ಹಂಟ್‌ಗೆ ಕ್ಷಮಾದಾನ ಕೊಡುವ ವಿಷಯಕ್ಕೆ, ಹಣದ ವಿಷಯಕ್ಕಲ್ಲ. ಹಾಲ್ಡ್‌ಮನ್‌ಗೆ ಸುಳ್ಳುಸಾಕ್ಷ್ಯದ ಶಿಕ್ಷೆಯಾಯಿತು. ಪದ ಎಲ್ಲಿ ಕೂತಿದೆ ಎಂಬುದರ ಮೇಲೆ ಮನುಷ್ಯನೊಬ್ಬನ ಮಾನ ನಿಂತಿತ್ತು.

ನಿಕ್ಸನ್ ವಿಚಾರ ಬೇರೆ. ಆರೋಪ ಹೊರಿಸಬೇಕೆ ಎಂದು ನಿರ್ಧರಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿ ಅವರನ್ನು ಆರೋಪಪಟ್ಟಿಗೆ ಸೇರಿಸಲಿಲ್ಲ. ಸಂಸತ್ತಿನ ನ್ಯಾಯಾಂಗ ಸಮಿತಿಗೆ ಮೊಹರು ಹಾಕಿದ ವರದಿಯೊಂದನ್ನು ಕಳುಹಿಸಿತು. ಅದೇ ‘ರೋಡ್ ಮ್ಯಾಪ್’. ಒಂದೊಂದು ಹಾಳೆಯಲ್ಲಿ ಒಂದು ಸಂಗತಿ, ಕೆಳಗೆ ಅದಕ್ಕೆ ಆಧಾರವಾದ ಸಾಕ್ಷ್ಯ. ವಾದವಿಲ್ಲ, ತೀರ್ಪಿಲ್ಲ, ಒಂದು ಬಿರುನುಡಿಯೂ ಇಲ್ಲ. ಆರೋಪ ಹೊತ್ತವನನ್ನು ಕುರಿತು ಬರೆಯುವಾಗ ಇರಬೇಕಾದ ಸಂಯಮವನ್ನು ಅದರಿಂದ ಕಲಿಯಬೇಕು.

1974ರ ಆಗಸ್ಟ್ 9ರಂದು ನಿಕ್ಸನ್ ಹುದ್ದೆ ಬಿಟ್ಟರು. ಸೆಪ್ಟೆಂಬರ್ 8ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಕ್ಷಮಾದಾನ ಕೊಟ್ಟರು. ಟೇಪುಗಳನ್ನು ಮುಂದೆ ನಾಶಮಾಡಲು ದಾರಿ ಬಿಡುವ ಒಪ್ಪಂದವೂ ಅದೇ ದಿನಗಳಲ್ಲಿ ಆಯಿತು. ಸಂಸತ್ತು ಡಿಸೆಂಬರಿನಲ್ಲಿ ಕಾನೂನು ಮಾಡಿ ಅದನ್ನು ತಡೆಯಿತು.

ಬಂಧುಗಳೆ, ನನ್ನ ಮಾತಿನ ತಿರುಳು ಇದು. ಕ್ಷಮಾದಾನದಿಂದಾಗಿ ನಿಕ್ಸನ್ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ. ಸಾಕ್ಷಿಕಟ್ಟೆ ಇಲ್ಲ, ಪಾಟೀಸವಾಲಿಲ್ಲ. ವಿಚಾರಣೆ ಕಾಣದ ಆರೋಪಕ್ಕೆ ಕಡತವೇ ಕೋರ್ಟು. ಅದು ಅಭಿಯೋಜಕನಿಗೆ ಎಷ್ಟು ಬೇಕೋ ಆರೋಪಿಗೂ ಅಷ್ಟೇ ಬೇಕು. ಕಾಗದ ಸುಟ್ಟರೆ ತಪ್ಪಿತಸ್ಥ ಪಾರಾಗುತ್ತಾನೆ, ನಿರಪರಾಧಿ ಮಾತ್ರ ಸಾಯುವವರೆಗೆ ಅನುಮಾನ ಹೊತ್ತು ತಿರುಗುತ್ತಾನೆ.

ಹಾಗೆಂದು ಎಲ್ಲವನ್ನೂ ಕೂಡಲೇ ಬಯಲಿಗಿಡಬೇಕೆಂದು ನಾನು ಹೇಳುತ್ತಿಲ್ಲ. ಗ್ರ್ಯಾಂಡ್ ಜ್ಯೂರಿಯ ಗೋಪ್ಯತೆ ದೋಷಾರೋಪಣೆಯಾಗದವರ ಮಾನವನ್ನೂ ಕಾಯುತ್ತದೆ. 1975ರಲ್ಲಿ ನಿಕ್ಸನ್ ಕೊಟ್ಟ ಸಾಕ್ಷ್ಯ ತೆರೆದದ್ದು 2011ರಲ್ಲಿ, ಇತಿಹಾಸಕಾರ ಸ್ಟ್ಯಾನ್ಲಿ ಕಟ್ಲರ್ ಕೋರ್ಟಿಗೆ ಹೋದ ಮೇಲೆ. ‘ರೋಡ್ ಮ್ಯಾಪ್’ ತೆರೆದದ್ದು 2018ರಲ್ಲಿ, ನಲವತ್ತನಾಲ್ಕು ವರ್ಷಗಳ ನಂತರ. ಮುಚ್ಚಿಟ್ಟ ಕಡತ ಕಾಯುತ್ತದೆ, ಸುಟ್ಟ ಕಡತ ಕಾಯುವುದಿಲ್ಲ.

ರೆಕಾರ್ಡ್ ರೂಮಿನ ನೌಕರ ಯಾರಿಗೂ ತೀರ್ಪು ಕೊಡುವವನಲ್ಲ. ಹಾಳೆ ಎಣಿಸುತ್ತಾನೆ, ನಂಬರು ಹಾಕುತ್ತಾನೆ, ಕೆಂಪು ಬಟ್ಟೆಯಲ್ಲಿ ಕಟ್ಟಿಡುತ್ತಾನೆ. ಆ ಎಣಿಕೆಯಲ್ಲಿ ಒಂದು ಹಾಳೆಯೂ ತಪ್ಪದಂತೆ ಬದುಕಿದವರ ಹೆಸರಿನ ದತ್ತಿ ಇದು. ಅವರಿಗೆ ಕೈಮುಗಿದು ಮಾತು ಮುಗಿಸುತ್ತೇನೆ.